ಜಪಾನಿ ಅನಿಮೇಶನ್ ಸರಣಿ ಎವಾಂಗೆಲಿಯನ್‌ನ ಬ್ಲೂ-ರೇ ಬರ್ತಿದೆ. ಕೊನೆಯ ಹಾಡಿಲ್ಲದೆ ಬಂದರೂ ತಗೊಳ್ತೀರಾ?

ಮೂರನೇಮಗು:

ಈ ವರ್ಷ, 2021ರ ನವೆಂಬರ್‌ಗೆ, ಅಮೆರಿಕದ ವಿತರಕರಾದ ಜಿಕಿಡ್ಸ್‌ನವರ ಎವಾಂಗೆಲಿಯನ್ ಬ್ಲೂ-ರೇ. ಸಾದಾ ಸೆಟ್ ಮೊದಲು ಬರುತ್ತೆ, ಪುಸ್ತಕ, ಕಾರ್ಡು, ಅದು ಇದು ಅಂತ ತುಂಬಿಸಿರೋ ದೊಡ್ಡ ಡಬ್ಬಗಳು ಡಿಸೆಂಬರ್‌ಗೆ. ಕಳೆದ ವರ್ಷ ಅಕ್ಟೋಬರ್‌ನಲ್ಲಿ ಅವರಿಗೆ ಹಕ್ಕು ಸಿಕ್ಕಿದೆ ಅಂತ ಗೊತ್ತಾದಾಗಿಂದ ನಂಗೆ ಇದೇ ಜಪ. ಆದ್ರೆ ತಲೆಯಲ್ಲಿ ಒಂದು ಹುಳ ಕೊರೀತಾನೇ ಇದೆ. ‘ಫ್ಲೈ ಮಿ ಟು ದ ಮೂನ್’ ಇರುತ್ತಾ?

ಆಗಸ್ಟ್ 13ಕ್ಕೆ ಪ್ರೈಮ್‌ನಲ್ಲಿ ಕೊನೆಯ ಸಿನಿಮಾ ನೋಡಿ ಈಗಷ್ಟೇ ಈ ಕಡೆ ಬಂದಿರೋರಿಗೆ ಇದೇನು ಹಾಡಿನ ರಗಳೆ ಅನ್ನಿಸಬಹುದು. ಮೂಲ ಟಿವಿ ಸರಣಿ 1995ರ ಅಕ್ಟೋಬರ್ 4ರಿಂದ 1996ರ ಮಾರ್ಚ್ 27ರವರೆಗೆ ಟಿವಿ ಟೋಕಿಯೊದಲ್ಲಿ ಬಂತು, ಒಟ್ಟು 26 ಕಂತು. ಕಂತು ಮುಗಿದ ಮೇಲೆ ನೀರಲ್ಲಿ ಚಂದ್ರನ ಬಿಂಬ, ತಲೆಕೆಳಗಾಗಿ ನಿಧಾನಕ್ಕೆ ತಿರುಗೋ ರೇ ಅನ್ನೋ ಹುಡುಗಿಯ ನೆರಳು, ಅದರ ಮೇಲೆ ಈ ಹಾಡು. ಅದೂ ಒಂದೇ ಥರ ಅಲ್ಲ. ಒಂದು ಕಂತಲ್ಲಿ ಕ್ಲೇರ್ ಹಾಡಿದ್ದು, ಇನ್ನೊಂದರಲ್ಲಿ ಯೋಕೊ ತಕಹಾಶಿ, ಮತ್ತೊಂದರಲ್ಲಿ ಪಾತ್ರಗಳಿಗೆ ದನಿ ಕೊಟ್ಟವರೇ ಹಾಡಿದ್ದು. ಶಿಂಜಿ ಅನ್ನೋ ಹದಿನಾಲ್ಕು ವರ್ಷದ ಹುಡುಗನನ್ನ ಹಿಂಡಿ ಹಿಪ್ಪೆ ಮಾಡಿದ ಕಂತಿನ ಬೆನ್ನಿಗೇ ಆ ಹಗುರ ಜಾಝ್ ಶುರುವಾದರೆ ಎದೆಯಲ್ಲಿ ಏನೋ ಕಲಸಿದ ಹಾಗೆ ಆಗುತ್ತೆ. ಆ ಕಲಸುವಿಕೆಯೂ ಸರಣಿಯದೇ ಭಾಗ ಅಂತ ನನ್ನ ವಾದ.

ನಾನು ಮೊದಲು ನೋಡಿದ್ದು ಚಿಕ್ಕಪ್ಪನ ಮಗಳ ಹತ್ರ ಇದ್ದ, ಅಮೆರಿಕದ ಎಡಿವಿ ಕಂಪನಿಯವರ ಪ್ಲಾಟಿನಂ ಡಿವಿಡಿಯಲ್ಲಿ. ಹಾಡು ಇತ್ತು. 2019ರ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದಾಗ ಗೆಳೆಯನೊಬ್ಬನನ್ನ ಎಳ್ಕೊಂಡು ಕೂರಿಸಿ ಹಾಕಿದೆ. ಮೊದಲ ಕಂತು ಮುಗೀತು, ಅವನ ಮುಖ ನೋಡೋಣ ಅಂತ ತಿರುಗಿದ್ರೆ ಪಿಯಾನೋ ಟಿಣ್ ಟಿಣ್ ಅಂತಿದೆ. ಜಪಾನ್ ಬಿಟ್ಟು ಬೇರೆಲ್ಲೂ ಹಾಡಿಲ್ಲ. ಅವನಿಗೆ ಏನೂ ಅನ್ನಿಸಲಿಲ್ಲ, ಚೆನ್ನಾಗೇ ಇದೆಯಲ್ಲ ಅಂದ. ಚೆನ್ನಾಗೇ ಇದೆ, ಸಮಸ್ಯೆ ಅದೇ! ಪಿಯಾನೋ ದುಃಖಕ್ಕೆ ದುಃಖ ಸೇರಿಸುತ್ತೆ ಅಷ್ಟೇ. ಹಾಡು ಹಾಗೆ ಮಾಡ್ತಿರಲಿಲ್ಲ.

ನನಗೆ ಬೇಕಿರೋದು ಇಷ್ಟು: ಡಿಸ್ಕಿನಲ್ಲಿ ಹಾಡು ವಾಪಸ್ ಬರೋ ಸಾಧ್ಯತೆ ಎಷ್ಟು? ಬರದಿದ್ದರೆ, ಸ್ಟ್ರೀಮಿಂಗ್‌ನಲ್ಲಿ ಸಿಗೋದನ್ನೇ ದುಡ್ಡು ಕೊಟ್ಟು ಡಬ್ಬದಲ್ಲಿ ಇಟ್ಕೊಂಡ ಹಾಗಲ್ವಾ? ಚಿತ್ರದಲ್ಲಾದರೂ ವ್ಯತ್ಯಾಸ ಕಾಣುತ್ತಾ? ಹಳೇ ಇಂಗ್ಲಿಷ್ ಡಬ್ಬಿಂಗ್ ಕೇಳ್ತಾ ಬೆಳೆದವಳು ನಾನು, ಅದರ ಕಥೆ ಏನು ಅಂತಲೂ ಯಾರಾದರೂ ಹೇಳಿ. ‘ಕಲೆಕ್ಟ್ ಮಾಡೋರು ತಗೊಳ್ತಾರೆ, ನೀನ್ಯಾಕೆ’ ಅನ್ನೋ ಉತ್ತರ ಬೇಡ, ಅದನ್ನ ಮನೆಯಲ್ಲೇ ಕೇಳಿಸ್ಕೊಂಡಾಯ್ತು.

ಹಳೆಟೇಪು:

ತಂಗೀ, ಹಾಡಿನ ಆಸೆ ಬಿಟ್ಟುಬಿಡು. ನನ್ನ ಅಂದಾಜು ಇದು, ಸುಳ್ಳಾದರೆ ನನಗೇ ಸಂತೋಷ.

ಆ ಹಾಡು ಎವಾಂಗೆಲಿಯನ್‌ಗೆ ಅಂತ ಬರೆದದ್ದಲ್ಲ. 1954ರಲ್ಲಿ ಬಾರ್ಟ್ ಹೊವರ್ಡ್ ಬರೆದದ್ದು, ಅಮೆರಿಕದ್ದು. ಜಪಾನಿನಲ್ಲಿ ಯಾರು ಹೇಗೆ ಹಾಡಿ ಧ್ವನಿಮುದ್ರಿಸಿಕೊಂಡರೂ ಹಾಡಿನ ಮೂಲ ಹಕ್ಕು ಬೇರೆಯವರದ್ದೇ. ಆ ಮುದ್ರಿಕೆಗೆ ಒಂದು ಒಪ್ಪಿಗೆ, ಸಾಹಿತ್ಯ-ಸ್ವರಕ್ಕೆ ಇನ್ನೊಂದು. ಅದೂ ಟಿವಿಗೆ ಬೇರೆ, ಡಿಸ್ಕಿಗೆ ಬೇರೆ, ಸ್ಟ್ರೀಮಿಂಗ್‌ಗೆ ಬೇರೆ, ಒಂದೊಂದು ದೇಶಕ್ಕೂ ಬೇರೆ. ಶಿರೋ ಸಗಿಸು ಮಾಡಿದ ಹಿನ್ನೆಲೆ ಸಂಗೀತಕ್ಕೆ, ಶುರುವಿನ ಹಾಡಿಗೆ ಈ ತಾಪತ್ರಯ ಇಲ್ಲ, ಅವು ಸರಣಿಗೇ ಅಂತ ಹುಟ್ಟಿದವು. ಎಡಿವಿಯವರ ಕಾಲದಲ್ಲಿ ಆಗಿದ್ದ ಒಪ್ಪಂದ ಆ ಕಾಲಕ್ಕೆ, ಆ ಕಂಪನಿಗೆ. ಆ ಕಂಪನಿಯೇ 2009ರಲ್ಲಿ ಬಾಗಿಲು ಹಾಕಿತು.

ಇಂಥದ್ದು ಹಿಂದೆಯೂ ಆಗಿದೆ, ಇನ್ನೂ ಕೆಟ್ಟದಾಗಿ. ಎಂಟಿವಿಯ ಕಾರ್ಟೂನ್ ಸರಣಿ, ಡರಿಯಾ ಅನ್ನೋ ಹುಡುಗಿಯ ಕಥೆ, ‘ಡರಿಯಾ’ ಗೊತ್ತಲ್ಲ? 1997ರಿಂದ 2002ರವರೆಗೆ ಐದು ಸೀಸನ್ ಓಡಿತು. ಎಂಟಿವಿ ಅಂದಮೇಲೆ ದೃಶ್ಯಕ್ಕೊಂದು ಆಗಿನ ಜನಪ್ರಿಯ ಹಾಡಿನ ತುಣುಕು. ಚಾನೆಲ್‌ನಲ್ಲಿ ಪ್ರಸಾರ ಮಾಡೋಕೆ ಅವರ ಹತ್ರ ಅನುಮತಿ ಇತ್ತು, ಮನೆಗೆ ಮಾರೋಕೆ ಇರಲಿಲ್ಲ. ಅಭಿಮಾನಿಗಳು ಕಾದರು, ಕಾದರು, ಡಿವಿಡಿ ಬಂದಿದ್ದು 2010ರ ಮೇ ತಿಂಗಳಲ್ಲಿ. ಸೆಟ್ ಜೊತೆಗಿದ್ದ ಟಿಪ್ಪಣಿಯಲ್ಲಿ ಸರಣಿ ನಡೆಸಿದ ಗ್ಲೆನ್ ಐಕ್ಲರ್ ಅವರೇ ಬಿಚ್ಚಿ ಹೇಳಿದ್ದರು: ಸಂಗೀತದಲ್ಲಿ ಶೇಕಡಾ 99ರಷ್ಟು ಬದಲಾಗಿದೆ, ಎಲ್ಲಕ್ಕೂ ಹಣ ಕಟ್ಟೋಕೆ ಹೋಗಿದ್ದರೆ ಈ ಸೆಟ್ಟೇ ಬರ್ತಿರಲಿಲ್ಲ ಅಂತ. ಕೆಲವರು ಹಳೇ ಟೇಪಿನಿಂದ ಧ್ವನಿ ತೆಗೆದು ಡಿವಿಡಿ ಚಿತ್ರಕ್ಕೆ ಅಂಟಿಸಿಕೊಂಡು ನೋಡಿದರು. ನಾನಂತೂ ಡಿವಿಡಿ ತಗೊಂಡೆ. ಬರೀ ಮಾತೇ ಇದ್ದರೂ ಸಾಕಿತ್ತು ನನಗೆ, ಆ ಹುಡುಗಿಯ ಮಾತು ಹಾಗಿದೆ.

‘ಡರಿಯಾ’ದಲ್ಲಿ ಹೋದದ್ದು ದೃಶ್ಯದೊಳಗಿನ ಸಂಗೀತ, ಇಲ್ಲಿ ಹೋಗೋದು ಮುಖ್ಯವಾಗಿ ಕೊನೆಯ ಹೆಸರುಪಟ್ಟಿಯದ್ದು. ನಿನ್ನ ನೋವು ಸಣ್ಣದು ಅಂತಲ್ಲ. ಆದರೆ ಹತ್ತು ವರ್ಷಕ್ಕೂ ಮೇಲಾಯ್ತು, ಅಮೆರಿಕದಲ್ಲಿ ಇದರ ಡಿಸ್ಕು ಹೊಸದಾಗಿ ಅಚ್ಚಾಗಿಲ್ಲ. ಪ್ಲಾಟಿನಂ ಸೆಟ್ಟನ್ನ ಸೆಕೆಂಡ್ ಹ್ಯಾಂಡ್ ಮಾರೋರು ಬಾಯಿಗೆ ಬಂದ ರೇಟು ಹೇಳ್ತಾರೆ.

ನಾನು ಇದನ್ನ ನೋಡಿದ್ದು ವಿಎಚ್‌ಎಸ್‌ನಲ್ಲಿ. ಒಂದು ಟೇಪಿಗೆ ಎರಡೇ ಕಂತು, 26 ಕಂತಿಗೆ 13 ಟೇಪು. ಡಬ್ಬಿಂಗ್ ಬೇಕಾದವರಿಗೆ ಒಂದು ಟೇಪು, ಸಬ್‌ಟೈಟಲ್ ಬೇಕಾದವರಿಗೆ ಬೇರೆ ಟೇಪು. ಈಗಿನವರು ಮೂರು ಆವೃತ್ತಿ ಇಟ್ಟು ಯಾವುದು ತಗೊಳ್ಳಲಿ ಅಂತ ಒದ್ದಾಡೋದು ನೋಡಿದ್ರೆ ನಗು ಬರುತ್ತೆ.

ರೀಲುರಾಯ:

ಹಾಡಿನ ವಿಷಯ ಅಕ್ಕ ಹೇಳಿಯಾಯ್ತು. ನಾನು ಚಿತ್ರದ ಬಗ್ಗೆ ಹೇಳ್ತೀನಿ, ಯಾಕಂದ್ರೆ ‘ಸ್ಟ್ರೀಮಿಂಗ್‌ನಲ್ಲಿ ಸಿಗೋದೇ ಅಲ್ವಾ’ ಅನ್ನೋ ಮಾತಿಗೆ ಉತ್ತರ ಅಲ್ಲಿದೆ.

ಇದು ಸೆಲ್ ಅನಿಮೇಶನ್. ಪಾರದರ್ಶಕ ಹಾಳೆ ಮೇಲೆ ಕೈಯಲ್ಲಿ ಬಣ್ಣ ಹಚ್ಚಿ, ಕ್ಯಾಮೆರಾ ಕೆಳಗಿಟ್ಟು, ಒಂದೊಂದೇ ಫ್ರೇಮನ್ನ ಫಿಲ್ಮಿಗೆ ಇಳಿಸಿದ್ದು. ಟಿವಿಯಲ್ಲಿ ನಾವು ನೋಡಿದ್ದು ಮಸುಕು ಮಸುಕಾಗಿ, ಆದರೆ ಫಿಲ್ಮಿನಲ್ಲಿ ಅದಕ್ಕಿಂತ ತುಂಬಾ ಜಾಸ್ತಿ ವಿವರ ಕೂತಿದೆ. ಅದಕ್ಕೇ ಎಚ್‌ಡಿಗೆ ತಂದಾಗ ನಿಜವಾಗಿಯೂ ಹೊಸದು ಕಾಣುತ್ತೆ. ಐದಾರು ವರ್ಷ ತಡವಾಗಿ ಬಂದಿದ್ದರೆ ಕಥೆ ಬೇರೆ ಆಗ್ತಿತ್ತು. 2000ದ ಆಚೀಚೆ ಎಲ್ಲರೂ ಕಂಪ್ಯೂಟರಿನಲ್ಲೇ ಬಣ್ಣ ಹಾಕೋಕೆ ಶುರು ಮಾಡಿದ್ರು, ಎಷ್ಟೋ ಸರಣಿಗಳು ಆಗಿನ ಟಿವಿಯ ಅಳತೆಯಲ್ಲೇ ಮುಗಿದುಹೋದವು. ಅವುಗಳಿಗೆ ಹಿಂತಿರುಗಿ ಸ್ಕ್ಯಾನ್ ಮಾಡೋಕೆ ಫಿಲ್ಮೇ ಇಲ್ಲ, ಎಳೆದು ದೊಡ್ಡದು ಮಾಡಬೇಕಷ್ಟೇ.

ಫಿಲ್ಮ್ ಅಂದಮೇಲೆ ಗ್ರೇನ್ ಇರುತ್ತೆ, ಚಿತ್ರದ ಮೈಮೇಲೆ ಸದಾ ಮಿಸುಕಾಡೋ ಸಣ್ಣ ಕಣಗಳು. ಈಗ ನಿರ್ದೇಶಕ ಅನ್ನೊ ಸಾಹೇಬರ ಅಭ್ಯಾಸ ನೆನಪು ಮಾಡ್ಕೊಳ್ಳಿ. 22ನೇ ಕಂತಿನ ಲಿಫ್ಟು: ಅಸುಕಾ, ರೇ ಇಬ್ಬರು ಹುಡುಗಿಯರೂ ನಿಂತಿದ್ದಾರೆ, ಹತ್ತಿರ ಹತ್ತಿರ ಒಂದು ನಿಮಿಷ ಯಾರೂ ಅಲ್ಲಾಡಲ್ಲ. 24ನೇ ಕಂತಿನ ಕೊನೆ (ಏನಾಗುತ್ತೆ ಅಂತ ಹೇಳಲ್ಲ, ನೋಡಿದವರಿಗೆ ಗೊತ್ತು): ಬೀಥೋವನ್‌ನ ಒಂಬತ್ತನೇ ಸಿಂಫನಿ ನಡೀತಿರುತ್ತೆ, ತೆರೆ ಮೇಲೆ ಒಂದೇ ಚಿತ್ರ, ಬರೀ ಒಂದೇ ಚಿತ್ರ. ಪಾತ್ರ ಅಲ್ಲಾಡದಿದ್ದರೂ ಫಿಲ್ಮಿನಲ್ಲಿ ಆ ಚಿತ್ರ ಉಸಿರಾಡುತ್ತೆ, ಗ್ರೇನ್ ಓಡಾಡ್ತಾನೇ ಇರುತ್ತೆ.

ಸ್ಟ್ರೀಮಿಂಗ್‌ನ ಲೆಕ್ಕಾಚಾರ ಇಲ್ಲೇ ಕೈಕೊಡೋದು. ಕಂಪ್ರೆಶನ್ ಅಂದ್ರೆ ಹಿಂದಿನ ಫ್ರೇಮಿಗೂ ಈಗಿನದಕ್ಕೂ ಏನು ಬದಲಾಗಿದೆ ಅನ್ನೋದನ್ನಷ್ಟೇ ಕಳಿಸೋ ಜುಗ್ಗತನ. ಯಾರೂ ಅಲ್ಲಾಡ್ತಿಲ್ಲ, ಹಾಗಾದ್ರೆ ಏನೂ ಕಳಿಸೋದು ಬೇಡ ಅಂತ ಅದು ತೀರ್ಮಾನ ಮಾಡುತ್ತೆ. ಗ್ರೇನ್ ಹೆಪ್ಪುಗಟ್ಟುತ್ತೆ. ಕೆಲವು ಸೆಕೆಂಡಿಗೊಮ್ಮೆ ಪೂರ್ತಿ ಹೊಸ ಫ್ರೇಮ್ ಬಂದಾಗ ಇಡೀ ಚಿತ್ರ ಸಣ್ಣಗೆ ಜಿಗ್ ಅಂತ ಬದಲಾಗಿ ಮತ್ತೆ ಹೆಪ್ಪು. ಒಂದು ಸಲ ಇದು ಕಣ್ಣಿಗೆ ಬಿತ್ತೋ, ಆಮೇಲೆ ಆ ನಿಮಿಷ ಪೂರ್ತಿ ಅದೇ ಕಾಣೋದು. 1080ರ ಸ್ಟ್ರೀಮ್ ಸೆಕೆಂಡಿಗೆ 5 ಮೆಗಾಬಿಟ್ ಆಸುಪಾಸಿನಲ್ಲಿ ಓಡಿದ್ರೆ, ಬ್ಲೂ-ರೇಯಲ್ಲಿ ಚಿತ್ರಕ್ಕೇ 40ರವರೆಗೆ ಜಾಗ ಇದೆ. ಈ ಸರಣಿಯಷ್ಟು ಅಲ್ಲಾಡದೆ ನಿಲ್ಲೋ ಸರಣಿಗೆ ಆ ಜಾಗ ಬೇಕೇ ಬೇಕು. ಹೊಡೆದಾಟದ ದೃಶ್ಯದಲ್ಲಿ ವ್ಯತ್ಯಾಸ ಹುಡುಕೋಕೆ ಹೋಗಬೇಡಿ, ಸುಮ್ಮನಿರೋ ದೃಶ್ಯದಲ್ಲಿ ನೋಡಿ.

ಇನ್ನೊಂದು ಸಮಾಧಾನ, ಚಿತ್ರದ ಆಕಾರ ಹಳೇ ಟಿವಿಯ 4:3 ಹಾಗೇ ಇದೆ. ಇದೇನು ದೊಡ್ಡ ವಿಷಯ ಅನ್ನಬೇಡಿ. 2007ರಲ್ಲಿ ‘ಡ್ರ್ಯಾಗನ್ ಬಾಲ್ ಝಡ್’ನ ಕಿತ್ತಳೆ ಬಣ್ಣದ ಡಿವಿಡಿ ಸೆಟ್‌ಗಳು ಬಂದಾಗ ಅಗಲ ಟಿವಿಗೆ ಸರಿಹೋಗಲಿ ಅಂತ ಮೇಲೆ ಕೆಳಗೆ ಕತ್ತರಿಸಿ 16:9 ಮಾಡಿದ್ರು. ಗ್ರೇನ್ ಅಳಿಸೋಕೆ ಹೋಗಿ ಗೆರೆಗಳ ಮೇಲೂ ಒರೆಸುಬಟ್ಟೆ ಆಡಿಸಿದ್ರು. ಡಿಸ್ಕು ಬರುತ್ತೆ ಅಂದ ತಕ್ಷಣ ಕುಣಿಯೋಕೆ ನನಗೆ ಆಗದೇ ಇರೋದು ಇಂಥವನ್ನ ನೋಡಿ ನೋಡಿ. ಎವಾಂಗೆಲಿಯನ್‌ಗೆ ಮಾತ್ರ ಭಯ ಇಲ್ಲ, ಜಪಾನಿನಲ್ಲಿ 2015ರ ಆಗಸ್ಟ್‌ನಲ್ಲೇ ಬ್ಲೂ-ರೇ ಬಂದಿದೆ, ಚಿತ್ರ ಚೆನ್ನಾಗಿರುತ್ತೆ ಅಂತ ಆಗಲೇ ಗೊತ್ತಾಗಿದೆ.

ಪೆನ್‌ಪೆನ್_ಫ್ರಿಜ್ಜು:

ರಾಯರೇ, ನಿಮ್ಮ ಗ್ರೇನ್ ಪುರಾಣ ಓದಿ ಲಿಫ್ಟ್ ದೃಶ್ಯ ಹಾಕಿ ನೋಡಿದೆ ಮಾರಾಯ್ರೇ. ಈಗ ನನಗೂ ಆ ಜಿಗ್ ಜಿಗ್ ಕಾಣ್ತಾ ಉಂಟು. ನೆಮ್ಮದಿ ಹಾಳು ಮಾಡಿದ್ರಿ.

ನಾನು ಡಬ್ಬದ ವಿಷಯಕ್ಕೆ ಬರ್ತೇನೆ. ಮೂರನೇಮಗು ಕೇಳಿದ ಹಳೇ ಇಂಗ್ಲಿಷ್ ಡಬ್ಬಿಂಗ್, ಅಂದ್ರೆ ಸ್ಪೈಕ್ ಸ್ಪೆನ್ಸರ್ ಶಿಂಜಿ, ಟಿಫನಿ ಗ್ರಾಂಟ್ ಅಸುಕಾ, ಅದು ಎಲ್ಲಾ ಸೆಟ್‌ನಲ್ಲಿ ಇಲ್ಲ. ಸಾದಾ ಸೆಟ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಅಂತ ಹೊಸದಾಗಿ ಮಾಡಿದ್ದೇ ಇರೋದು. ಹಳೇದು ಬೇಕಂದ್ರೆ 5000 ಪ್ರತಿ ಮಾತ್ರ ಮಾಡ್ತಿರೋ ಅಲ್ಟಿಮೇಟ್ ಎಡಿಶನ್‌ಗೇ ಕೈ ಹಾಕಬೇಕು. ಇದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಗೊಂಬೆ, ಪೇಪರ್‌ವೇಟು, ಚಿತ್ರದ ಪುಸ್ತಕ ಎಲ್ಲ ಐದು ಸಾವಿರ ಜನಕ್ಕೆ ಅಂತ ಇಟ್ಕೊಳ್ಳಲಿ, ಯಾರು ಬೇಡ ಅಂದ್ರು? ಆದ್ರೆ ಇಪ್ಪತ್ತು ವರ್ಷ ಜನ ಕೇಳಿದ ದನಿಯನ್ನ ಗೊಂಬೆ ಜೊತೆ ಕಟ್ಟಿ ಮಾರೋದು ಯಾವ ನ್ಯಾಯ? ಅದು ಸರಣಿಯ ಇತಿಹಾಸ, ಆಟಿಕೆ ಅಲ್ಲ. ಆ ಡಬ್ಬಿಂಗ್‌ನಲ್ಲಿ ಕೆಲವು ಕಡೆ ಕಿರುಚಾಟ ಜಾಸ್ತಿ ಅಂತ ನನಗೇ ಅನ್ನಿಸುತ್ತೆ, ಹೊಸದರಲ್ಲಿ ಕೇಸಿ ಮೊಂಗಿಲ್ಲೊ ಮಾಡಿದ ಶಿಂಜಿ ನನಗೆ ಹೆಚ್ಚು ಇಷ್ಟ, ಆ ಹುಡುಗ ನಿಜಕ್ಕೂ ಹದಿನಾಲ್ಕರ ಹುಡುಗನ ಹಾಗೆ ಹೆದರ್ತಾನೆ. ಆದ್ರೂ.

ನನ್ನ ಸಲಹೆ: ಜಪಾನಿ ಆಡಿಯೋದಲ್ಲಿ ನೋಡೋಳಾದ್ರೆ ಸಾದಾ ಸೆಟ್ ಸಾಕು, ಮೆಗುಮಿ ಒಗಾತಾಳ ಶಿಂಜಿ ಮುಂದೆ ಎರಡು ಡಬ್ಬಿಂಗೂ ನಿಲ್ಲೋದಿಲ್ಲ.

ಮೂರನೇಮಗು:

ಎಲ್ಲರಿಗೂ ಧನ್ಯವಾದ. ಹಳೆಟೇಪು ಅಕ್ಕ, ‘ಡರಿಯಾ’ ಕಥೆ ಕೇಳಿ ಹೊಟ್ಟೆ ಉರೀತು, ಆದ್ರೆ ಅರ್ಥ ಆಯ್ತು. ಹಾಡು ಸೇರಿಸಲೇಬೇಕು ಅಂತ ಹಟ ಹಿಡಿದಿದ್ರೆ ಸೆಟ್ಟೇ ಬರದೇ ಹೋಗಬಹುದಿತ್ತು ಅನ್ನೋದು ನನಗೆ ಹೊಳೆದಿರಲಿಲ್ಲ. ಸಿಟ್ಟು ಪೂರ್ತಿ ಇಳಿದಿಲ್ಲ, ಇಳಿಸ್ಕೊಳ್ಳೋ ಆಸೆಯೂ ಇಲ್ಲ. ‘ಕಂಪ್ಲೀಟ್’ ಅಂತ ಮೇಲೆ ಅಚ್ಚು ಹಾಕಿ ಒಳಗೆ ಇದನ್ನ ಬಿಟ್ಟರೆ ಕಣ್ಣು ಕುಕ್ಕುತ್ತೆ.

ಪೆನ್‌ಪೆನ್, ಡಬ್ಬಿಂಗ್ ವಿಷಯದಲ್ಲಿ ನಿಮ್ಮ ಸಿಟ್ಟೇ ನನ್ನದೂ. ಆದ್ರೆ ಅಸುಕಾ ಜರ್ಮನ್‌ನಲ್ಲಿ ಬೈಯೋದನ್ನ ಟಿಫನಿ ಗ್ರಾಂಟ್ ದನಿ ಬಿಟ್ಟು ಬೇರೆ ಯಾರದ್ದರಲ್ಲೂ ಕೇಳೋಕೆ ನನ್ನ ಕಿವಿ ಒಪ್ಪಲ್ಲ, ಅಭ್ಯಾಸ ಬಲ.

ಇನ್ನೊಂದು ಕೇಳೋದಿತ್ತು. 21ರಿಂದ 24ರವರೆಗಿನ ಕಂತುಗಳು ಎರಡೆರಡು ರೂಪದಲ್ಲಿ ಇವೆಯಲ್ಲ, ಟಿವಿಯಲ್ಲಿ ಬಂದದ್ದು ಒಂದು, ಆಮೇಲೆ ವಿಡಿಯೋಗೆ ಅಂತ ಹೊಸ ದೃಶ್ಯ ಸೇರಿಸಿ ಉದ್ದ ಮಾಡಿದ್ದು ಇನ್ನೊಂದು. ಮೊದಲ ಸಲ ನೋಡೋರಿಗೆ ಯಾವುದನ್ನ ತೋರಿಸ್ತೀರಿ? ಆ ಪಿಯಾನೋ ಗೆಳೆಯನ ಮೇಲೆ ಇನ್ನೂ ಆಸೆ ಬಿಟ್ಟಿಲ್ಲ.

ರೀಲುರಾಯ:

ಉದ್ದದ್ದೇ. ಸರಣಿ ಮಾಡಿದ ಗೈನಾಕ್ಸ್ ಸ್ಟುಡಿಯೋದವರಿಗೆ ಕೊನೇಕೊನೆಗೆ ಪ್ರಸಾರದ ದಿನ ಕುತ್ತಿಗೆಗೆ ಬಂದಿತ್ತು, ಕೆಲಸ ಮುಗಿಸೋಕೆ ಸಮಯವೇ ಇರಲಿಲ್ಲ. ಉದ್ದದ ಕಂತುಗಳು 1997ರ ಜುಲೈನಲ್ಲಿ ಬಂದ ‘ದಿ ಎಂಡ್ ಆಫ್ ಎವಾಂಗೆಲಿಯನ್’ಗೂ ಚೆನ್ನಾಗಿ ಕೂಡಿಕೊಳ್ಳುತ್ತವೆ. ಟಿವಿಯ ರೂಪ ಎರಡನೇ ಸಲಕ್ಕೆ ಇಟ್ಕೊಳ್ಳಿ.

ಹಳೆಟೇಪು:

ನಾನು ಒಪ್ಪಲ್ಲ. ಮೊದಲು ಟಿವಿಯಲ್ಲಿ ಬಂದ ಹಾಗೇ ತೋರಿಸು, 25, 26ನ್ನೂ ಹಾಗೇ. ಆ ಹುಡುಗನಿಗೆ ‘ಏನಿದು, ಇಷ್ಟೇನಾ’ ಅಂತ ಸಿಟ್ಟು ಬರಲಿ. ಆಗ ಎಲ್ಲರಿಗೂ ಬಂದ ಸಿಟ್ಟು ಅದು. ಆ ಸಿಟ್ಟಿಲ್ಲದೆ ಸಿನಿಮಾಕ್ಕೆ ಹೋದರೆ ಅರ್ಧ ರುಚಿ ಹೋಯ್ತು. ಎಲ್ಲ ಅಂದವಾಗಿ ಜೋಡಿಸಿ ಕೊಡೋಕೆ ಇದೇನು ಪಠ್ಯಪುಸ್ತಕವೇ?

ಹಾಂ, ಪಿಯಾನೋ ಶುರುವಾಗೋ ಹೊತ್ತಿಗೆ ನೀನೇ ಹಾಡಿಬಿಡು.

ಪೆನ್‌ಪೆನ್_ಫ್ರಿಜ್ಜು:

ಅಕ್ಕ ಹೇಳಿದ್ದೇ ಸರಿ. ಮತ್ತೆ ಸ್ಟ್ರೀಮಿಂಗ್‌ನಲ್ಲಿ ತೋರಿಸೋದಾದ್ರೆ ಆಟೋಪ್ಲೇ ಆಫ್ ಮಾಡಿ. ಇಲ್ಲಾಂದ್ರೆ ಹೆಸರುಪಟ್ಟಿ ಮುಗಿಯೋ ಮೊದಲೇ ಮುಂದಿನ ಕಂತಿಗೆ ಹಾರಿಸ್ತದೆ, ಮಿಸಾಟೊ ಪಾತ್ರ ‘ಸರ್ವಿಸ್, ಸರ್ವಿಸ್’ ಅನ್ನೋ ಮುಂದಿನ ಕಂತಿನ ಝಲಕ್ಕೂ ಹೋಗ್ತದೆ. ಡಿಸ್ಕಿನಲ್ಲಿ ಆ ಕಾಟ ಇಲ್ಲ, ನನಗೆ ಡಿಸ್ಕು ಬೇಕಿರೋ ಕಾರಣಗಳಲ್ಲಿ ಅದೂ ಒಂದು.

ಹೊಸಪೈಲಟ್:

ನಡುವೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನನ್ನ ಹತ್ರ ಬ್ಲೂ-ರೇ ಪ್ಲೇಯರ್ ಇಲ್ಲ, ಪ್ಲೇಸ್ಟೇಷನ್ 4 ಇದೆ. ಅಮೆರಿಕದ ಡಿಸ್ಕು ತರಿಸಿದ್ರೆ ಅದರಲ್ಲಿ ಓಡುತ್ತಾ? ಗೇಮ್ ಡಿಸ್ಕ್‌ಗಳು ಯಾವ ದೇಶದ್ದಾದರೂ ಓಡ್ತವೆ.

ರೀಲುರಾಯ:

ಗೇಮಿನ ಮಾತು ಬೇರೆ, ಸಿನಿಮಾ ಡಿಸ್ಕಿನ ಮಾತು ಬೇರೆ. ಬ್ಲೂ-ರೇಗೆ ಜಗತ್ತನ್ನ ಮೂರು ಹೋಳು ಮಾಡಿದ್ದಾರೆ. ಅಮೆರಿಕ, ಜಪಾನ್ ಎ ವಲಯ. ಯುರೋಪ್, ಆಸ್ಟ್ರೇಲಿಯಾ ಬಿ. ಭಾರತ, ಚೀನಾ, ರಷ್ಯಾ ಸಿ. ಪ್ಲೇಸ್ಟೇಷನ್ ಯಾವ ವಲಯದಲ್ಲಿ ಮಾರಾಟಕ್ಕೆ ಬಂದದ್ದೋ ಆ ವಲಯದ ಸಿನಿಮಾ ಡಿಸ್ಕನ್ನಷ್ಟೇ ತಗೊಳ್ಳುತ್ತೆ, ಡಿಸ್ಕಿಗೆ ವಲಯದ ಬೀಗ ಹಾಕದೇ ಇದ್ದರೆ ಮಾತ್ರ ಎಲ್ಲ ಕಡೆ ಓಡುತ್ತೆ. ಸೆಟ್ಟಿಂಗ್ಸ್‌ನಲ್ಲಿ ಬದಲಾಯಿಸೋಕೆ ಬರಲ್ಲ. ಡಬ್ಬದ ಹಿಂದೆ ಸಣ್ಣದಾಗಿ ಎ, ಬಿ, ಸಿ ಅಂತ ಗುರುತು ಇರುತ್ತೆ, ಯಾರಾದರೂ ಹಿಂಬದಿಯ ಫೋಟೋ ಹಾಕೋವರೆಗೆ ಕಾದು ಆಮೇಲೆ ಆರ್ಡರ್ ಮಾಡಿ. ಜಪಾನಿನ 2015ರ ಡಬ್ಬದಲ್ಲಿ ಹಾಡು ಇದೆಯಲ್ಲ ಅದನ್ನೇ ತರಿಸೋಣ ಅಂತ ಯಾರಾದರೂ ಯೋಚಿಸ್ತಿದ್ರೆ, ಅದರಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇಲ್ಲ, ಜಪಾನಿ ಬರೋರಿಗೆ ಮಾತ್ರ.